ತಪ್ಪಿ ಬೀಸಿದ ಹಸಿರು ಬಾವುಟ

ಅರ್ಧ ಆಯುಸ್ಸು ಬಸ್ಸಿನ ಸ್ಟೀರಿಂಗ್ ಹಿಡಿದೇ ಕಳೆದವನು ಅವನು. ಸೊಂಟ ಹಿಡಿದುಕೊಂಡು ಆ ಕೆಲಸ ಬಿಟ್ಟ ಮೇಲೆ, ಸೇತುವೆ ಕಟ್ಟುವಲ್ಲಿ ಕೆಂಪು, ಹಸಿರು ಬಾವುಟ ಹಿಡಿದು ಗಾಡಿ ನಿಲ್ಲಿಸುವ, ಬಿಡುವ ಕೆಲಸ ಸಿಕ್ಕಿತು. ನೆಂಟರಿಗೆಲ್ಲ “ಸೂಪರ್‌ವೈಸರ್” ಅಂದಿದ್ದ. ಹೆಂಡತಿ ಮಾತ್ರ, “ಹೌದೌದು, ಎರಡು ಬಾವುಟಕ್ಕೂ ನೀವೇ ಸಾಹೇಬರು” ಎಂದು ನಕ್ಕಿದ್ದಳು.

ಹಳ್ಳದ ಮೇಲಿನ ಹಳೇ ಸೇತುವೆ ತೀರಾ ಗಿಡ್ಡ, ತೀರಾ ಇಕ್ಕಟ್ಟು. ಈಗಿನ ಲಾರಿಗಳ ಭಾರಕ್ಕೆ ಅದರ ಹೊಟ್ಟೆಯ ಕಾಂಕ್ರೀಟು ಉದುರತೊಡಗಿತ್ತು. ಅದನ್ನು ಒಡೆದು ಅಗಲವಾದದ್ದನ್ನು ಕಟ್ಟುವವರೆಗೆ, ಪಕ್ಕದಲ್ಲಿ ಪೈಪು ಹೂತು, ಮಣ್ಣು ಸುರಿದು, ಒಂದೇ ಗಾಡಿ ಹೋಗುವಷ್ಟು ದಾರಿ ಮಾಡಿದ್ದರು. ದಾರಿ ಬಳಸಿ ಹೋಗುವ ಕೆಲಸದ ಜಾಗದ ಸುತ್ತ ತಗಡಿನ ಮರೆ. ಒಂದು ತುದಿಗೆ ಇನ್ನೊಂದು ಕಾಣದು. ಆ ತುದಿಯಲ್ಲಿ ಬಾವುಟ ಹಿಡಿಯುತ್ತಿದ್ದ ಹೆಂಗಸು ಸೀಟಿ ಊದಿದರೆ ಅಲ್ಲಿಂದ ಗಾಡಿ ಬಿಟ್ಟಳು ಎಂದರ್ಥ. ಇವನು ಕೆಂಪು ಹಿಡಿಯಬೇಕು.

ಅವತ್ತು ಬೆಳಿಗ್ಗೆ ಸೀಟಿ ಕೇಳಿಸಿತು. ಕೆಂಪು ಎತ್ತಿದ. ಸಾಲಿನಲ್ಲಿ ಮೊದಲು ಬಂದು ನಿಂತದ್ದು ಹಿಂದೆ ಅವನೇ ಓಡಿಸುತ್ತಿದ್ದ ಬಸ್ಸು. ಬಾಗಿಲಲ್ಲಿ ಹಳೇ ಕಂಡಕ್ಟರ್. ಒಂದೇ ಡಬ್ಬಿಯಲ್ಲಿ ಊಟ ಹಂಚಿಕೊಂಡವನು.

“ಏನಣ್ಣಾ, ನೀನಾ?”

ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಕೊರಳಿನ ಟವೆಲನ್ನು ಮೂಗಿನವರೆಗೆ ಎಳೆದುಕೊಂಡು, ಬಸ್ಸು ಒಮ್ಮೆ ತೊಲಗಿದರೆ ಸಾಕೆಂದು ಹಸಿರು ಬೀಸಿಯೇಬಿಟ್ಟ.

ದಾರಿಯ ನಡುವೆ ಬಸ್ಸಿಗೂ ಜಲ್ಲಿ ಲಾರಿಗೂ ಮೂತಿಗೆ ಮೂತಿ. ಹಿಂದೆ ಸರಿಯಹೋದ ಲಾರಿಯ ಚಕ್ರ ಅಂಚಿನ ಹಸಿಮಣ್ಣಿನಲ್ಲಿ ಹೂತುಹೋಯಿತು. ಎರಡೂ ಕಡೆ ಹಾರನ್ನು, ಬೈಗುಳ, ಅಳುವ ಕೂಸುಗಳು. ಬಾವುಟದವರಿಬ್ಬರೂ ಓಡಿ ಬಂದಾಗ, ಕೆಲಸದ ಉಸ್ತುವಾರಿಯ ಎಂಜಿನಿಯರ್ ನೇರ ಆ ಹೆಂಗಸಿನ ಮೇಲೆ ಹರಿಹಾಯ್ದರು.

“ಸೀಟಿ ಊದಿದ್ಯೇನಮ್ಮಾ?”

“ಊದಿದೆ ಸಾರ್.”

“ಊದಿದ್ರೆ ಅವರ್ಯಾಕೆ ಬಸ್ ಬಿಡ್ತಿದ್ರು? ಜೀವಮಾನ ಎಲ್ಲಾ ಬಸ್ ಓಡಿಸಿದೋರು!”

ಅವಳು ಇವನತ್ತ ತಿರುಗಿದಳು. “ಅಣ್ಣಾ, ನೀವೇ ಹೇಳಿ. ಕೇಳಿಸ್ತು ತಾನೇ?”

ಅವನು ಹಳ್ಳದ ಕಡೆ ತಿರುಗಿದ. “ಮಿಷಿನ್ ಸದ್ದು… ಸರಿಯಾಗಿ ಗೊತ್ತಾಗ್ಲಿಲ್ಲ.”

“ನಾಳೆಯಿಂದ ಬರಬೇಡ,” ಎಂದರು ಎಂಜಿನಿಯರ್. ಅವಳು ಬಾವುಟ ಸುತ್ತಿ ಕಲ್ಲಿನ ಮೇಲಿಟ್ಟು, ನಿಂತ ಗಾಡಿಗಳ ಸಂದಿಯಲ್ಲಿ ನಡೆದುಹೋದಳು.

ಕಂಡಕ್ಟರ್ ಹತ್ತಿರ ಬಂದು ತಗ್ಗಿದ ದನಿಯಲ್ಲಿ, “ಬಸ್ಸಲ್ಲಿದ್ದ ನಂಗೇ ಕೇಳಿಸ್ತಲ್ಲಣ್ಣಾ,” ಎಂದ.

ಬೆಳಿಗ್ಗೆ ಅವನು ಬಾವುಟ ಹಿಡಿದದ್ದಕ್ಕೆ ನಾಚಿದ್ದ. ಈಗಿನ ನಾಚಿಕೆಗೆ ಮುಚ್ಚಿಕೊಳ್ಳಲು ಟವೆಲೂ ಸಾಲದು. ಲಾರಿ ಎತ್ತಿಸುತ್ತಿದ್ದ ಎಂಜಿನಿಯರ್ ಬಳಿ ಹೋಗಿ, ಎಲ್ಲರ ಎದುರಿಗೇ ಹೇಳಿದ: “ಅವಳು ಊದಿದ್ಲು ಸಾರ್. ನಾನೇ ಕೇಳಿಸಿಕೊಂಡೂ ಬಸ್ ಬಿಟ್ಟೆ.”

“ಅವಳು ಇಲ್ಲೇ ನಿಂತಿದ್ದಾಗ ಬಾಯಲ್ಲೇನಿತ್ರೀ?” ಎಂದರು ಅವರು.

ಮಾರನೆಯ ದಿನ ಅವಳನ್ನು ಕರೆಸಿದರು. ಬೇರೊಬ್ಬ ಸಿಗದೆ ಇವನನ್ನೂ ಉಳಿಸಿಕೊಂಡರು. “ತಂಗೀ, ತಪ್ಪಾಯ್ತು,” ಎಂದ. “ಆಯ್ತು ಬಿಡಿ ಅಣ್ಣಾ, ಗಾಡಿ ನಿಂತಿವೆ,” ಎಂದಳು.

ಅಂದಿನಿಂದ ಅವಳು ಸೀಟಿ ಊದಿ ಅಷ್ಟಕ್ಕೇ ಬಿಡುತ್ತಿರಲಿಲ್ಲ. ಪ್ರತಿಸಲ ತಗಡಿನ ಮರೆ ದಾಟಿ ಬಂದು, ಅವನು ಕೆಂಪು ಹಿಡಿದಿದ್ದಾನೋ ಇಲ್ಲವೋ ನೋಡಿ, ಆಮೇಲೆ ಗಾಡಿ ಬಿಡುತ್ತಿದ್ದಳು. ಅವಳ ತಲೆ ಕಂಡಾಗಲೆಲ್ಲ ಅವನು ಬಾವುಟವನ್ನು ಇನ್ನಷ್ಟು ಎತ್ತರಕ್ಕೆ ಹಿಡಿಯುತ್ತಿದ್ದ.

ಹೊಸ ಸೇತುವೆ ಮುಗಿಯಿತು. ಬಸ್ಸು, ಲಾರಿ ಅಕ್ಕಪಕ್ಕ ಓಡಿದವು. ಮುಂದಿನ ಹಳ್ಳದ ಕೆಲಸಕ್ಕೆ ಎಂಜಿನಿಯರ್ ಹೆಸರು ಬರೆದುಕೊಳ್ಳುವಾಗ ಅವಳು, “ಬರ್ತೀನಿ ಸಾರ್. ಆದ್ರೆ ಆ ತುದಿಗೆ ಬೇರೆ ಯಾರನ್ನಾದ್ರೂ ಹಾಕಿ,” ಎಂದದ್ದು ಹಿಂದೆ ನಿಂತಿದ್ದ ಅವನಿಗೆ ಸ್ಪಷ್ಟವಾಗಿ ಕೇಳಿಸಿತು.