ದಿಬ್ಬ ಅಗೆಯಲು ಬರೆದ ಅರ್ಜಿ

ಎದುರುಮನೆ ಕಾಕಾ ಅವರ ಬಲ ಹೆಬ್ಬೆರಳು ಸದಾ ನೇರಳೆ. ಮೂವತ್ತು ವರ್ಷ ಕಚೇರಿಗೆ ಬಂದ ಕಾಗದಕ್ಕೆಲ್ಲ ಠಸ್ಸೆ ಒತ್ತಿದ ಬೆರಳು. ಯಾವ ಸಾಬೂನಿಗೂ ಬಗ್ಗಿರಲಿಲ್ಲ. ಧಾರವಾಡದಿಂದ ವರ್ಗವಾಗಿ ಅಹಮದಾಬಾದಿಗೆ ಬಂದವರು. ನವರಂಗಪುರದಲ್ಲಿ ನಮ್ಮದೂ ಅವರದೂ ಎದುರುಬದುರು ಬಾಗಿಲು. "ಇನ್‌ವರ್ಡ್ ನಂಬರ್ ಬಿದ್ದ ಕಾಗದಾ ಬ್ರಹ್ಮ ಬಂದ್ರೂ ವಾಪಸ್ ಕೊಡಂಗಿಲ್ಲ" ಎನ್ನುವುದು ಅವರ ಹೆಮ್ಮೆ.

ನಾನಾಗ ಕಾಲೇಜಿನ ಚರ್ಚಾಪಟು. ಎದುರಾಳಿ ಸಿಗದಿದ್ದರೆ ಸಾರಿನ ಉಪ್ಪಿನ ಬಗ್ಗೆ ಅಮ್ಮನ ಜೊತೆಗಾದರೂ ವಾದಿಸುತ್ತಿದ್ದೆ. ನದಿಯಾಚೆ ಹಳೇ ಊರಿನಲ್ಲಿ ಒಂದು ದಿಬ್ಬ. ಅಹಮದಾಬಾದು ಕಟ್ಟಿದ ಸುಲ್ತಾನನಿಗೂ ಮೊದಲು ಇಲ್ಲಿ ಊರು ಕಟ್ಟಿದ ಭಿಲ್ಲರ ನಾಯಕನನ್ನು ಅಲ್ಲಿ ಹೂತಿದ್ದಾರೆಂದು ಜನ ದೀಪ ಹಚ್ಚುತ್ತಿದ್ದರು. ಅದು ಒಡೆದ ಇಟ್ಟಿಗೆಯ ಗುಡ್ಡೆ, ಅಷ್ಟೇ, ಎಂಬುದು ನನ್ನ ವಾದ. ಅಗೆದು ನೋಡಿ, ಮೂಳೆ ಸಿಕ್ಕರೆ ಸೋತೆನೆಂದು ಒಪ್ಪುತ್ತೇನೆ! ಹಾಗೆಂದು ಅರ್ಜಿ ಬರೆದು, ಗೆಳತಿಯರಿಂದ ಸಹಿ ಹಾಕಿಸಿದೆ. ಇಂಥ ಜಾಗಗಳನ್ನು ನೋಡಿಕೊಳ್ಳುವುದು ಕಾಕಾ ಅವರ ಕಚೇರಿಯೇ. ಸೋಮವಾರ ಅವರ ಕೈಗೇ ಕೊಟ್ಟೆ.

"ದಿಬ್ಬಾ ಹತ್ತಿ ನೋಡಿಯೇನ, ತಂಗಿ?"

"ಹತ್ತೋದ್ಯಾಕೆ ಕಾಕಾ? ತರ್ಕ ಸಾಲದಾ?"

ಅವರು ಕಾಗದ ಮಡಚಿಕೊಂಡರು.

ಗುರುವಾರ, ಚರ್ಚೆಗೆ ಇನ್ನಷ್ಟು ಪುರಾವೆ ಬೇಕೆಂದು ಹತ್ತಿದೆ. ಮೇಲೆ ಎಂಟೋ ಹತ್ತೋ ಮನೆಗಳು. ಒಲೆಯ ಮುಂದೆ ಕೂತು ಅಂಗೈಯಲ್ಲೇ ಸಜ್ಜೆ ರೊಟ್ಟಿ ತಟ್ಟುತ್ತಿದ್ದ ಅಜ್ಜಿಯೊಬ್ಬಳಿಗೆ, ದಿಬ್ಬದೊಳಗೆ ಯಾರೂ ಇಲ್ಲವೆಂದು ನನ್ನ ಗುಜರಾತಿಯಲ್ಲಿ ಸಾಧಿಸಿ ತೋರಿಸಿದೆ. ಅವಳು ನಕ್ಕಳು. "ಒಳಗೆ ಅವನಿಲ್ಲದಿದ್ದರೆ ಬೇಡ ಬಿಡು, ಮಗಳೇ. ಮೇಲೆ ನಾವಿದ್ದೀವಲ್ಲ?"

ಅಗೆಯಲು ಬಂದವರು ಮೊದಲು ಕೀಳುವುದು ಆ ಒಲೆಯನ್ನೇ ಎಂದು ಆಗ ಹೊಳೆಯಿತು. ಆಟೋ ಹಿಡಿದು ಕಾಕಾ ಅವರ ಬಾಗಿಲಿಗೆ ಓಡಿ ಬಂದೆ.

"ಕಾಕಾ, ನನ್ನ ಅರ್ಜಿಗೆ ನಂಬರ್ ಬಿತ್ತಾ?"

"ಯಾವ ಅರ್ಜಿ?"

"ಆಟ ಆಡಿಸಬೇಡಿ!"

ಅವರು ಪಂಚಾಂಗದ ಕೆಳಗಿನಿಂದ ಕಾಗದ ಎಳೆದರು. ಠಸ್ಸೆಯೂ ನಂಬರೂ ಬಿದ್ದಿರಲಿಲ್ಲ. ಹೊಸ್ತಿಲಲ್ಲೇ ಕೂತುಬಿಟ್ಟೆ.

"ಜಿದ್ದಿನ ಅರ್ಜಿ ನಾ ಒಂದ್ ವಾರ ಗಾಳಿಗೆ ಇಡತೀನಿ. ಅರ್ಧಾ ಮಂದಿ ತಾವ ಬಂದು ಇಸ್ಕೊಂಡು ಹೋಗತಾರ."

ಉಸಿರು ಬಂದೊಡನೆ ಬಾಯಿಯೂ ಬಂತು. "ಇದು ಕರ್ತವ್ಯಲೋಪ!"

"ಹೌದ ಬಿಡವಾ, ವಕೀಲ್ರ. ಅದಕ್ಕೂ ಒಂದು ಅರ್ಜಿ ಬರಿ, ಇಟ್ಕೋತೀನಿ."

ನಿವೃತ್ತರಾಗಿ ಧಾರವಾಡಕ್ಕೆ ಮರಳಿದ ಕಾಕಾ ಹೋದ ಚಳಿಗಾಲ ತೀರಿಕೊಂಡರು. ಪತ್ರ ಬಂದ ದಿನ ನದಿ ದಾಟಿ ದಿಬ್ಬ ಹತ್ತಿದೆ. ಅದರೊಳಗೆ ಯಾರ ಮೂಳೆಯೂ ಇಲ್ಲವೆಂದು ಇಂದಿಗೂ ನನ್ನ ವಾದ. ಅಜ್ಜಿಯ ಒಲೆ ಉರಿಯುತ್ತಿತ್ತು.

"ಇವತ್ತೇನು ಜಗಳ?" ಎಂದಳು.

ಏನೂ ಇಲ್ಲವೆಂದು ಹೇಳಿ, ಅವಳು ಕೊಟ್ಟ ಚಹಾ ಹಿಡಿದು ಕೂತೆ.