ಕದಲದ ಕಡ್ಡಿ

ಸ್ವೀಡನ್ನಿನ ಲಿಂಕೋಪಿಂಗ್‌ನ ಯೂನಿವರ್ಸಿಟಿಯಲ್ಲಿ ನಾನು ಓದುತ್ತಿದ್ದದ್ದು ಕಂಪ್ಯೂಟರ್. ಹುಳುಗಳ ಹುಚ್ಚು ತಾನಾಗಿಯೇ ಹತ್ತಿಕೊಂಡಿತು. ಒಂದು ಆಗಸ್ಟ್ ಸಂಜೆ ಸೈಕಲ್ ನಿಲ್ಲಿಸುವಾಗ, ಮುಖಕ್ಕೆ ಅಡ್ಡ ಬಂದ ಬರ್ಚ್ ಮರದ ಕಡ್ಡಿಯನ್ನು ಮುರಿಯಲು ಹೋದೆ. ಕಡ್ಡಿ ಮೆತ್ತಗಿತ್ತು. ಬೆಚ್ಚಿ ಕೈ ಹಿಂದೆಗೆದೆ. ಕೂದಲಿಲ್ಲದ ಒಂದು ಕಂಬಳಿಹುಳ, ಹಿಂಗಾಲುಗಳಲ್ಲಿ ರೆಂಬೆ ಹಿಡಿದು, ಮೈಯನ್ನು ಓರೆಯಾಗಿ ಚಾಚಿ ನಿಂತಿತ್ತು; ತೊಗಟೆಯ ಗಂಟುಗಳು ಕೂಡ ಮೈಮೇಲೆ ಹಾಗೇ ಇದ್ದವು. ಆ ಮರದ ಕಡ್ಡಿಗಳೆಲ್ಲ ನನ್ನನ್ನೇ ನೋಡುತ್ತಿವೆ ಅನ್ನಿಸಿತು.

ರೆಂಬೆ ಸಮೇತ ಮನೆಗೆ ತಂದು, ನೀರಿನ ಬಾಟಲಿಯಲ್ಲಿಟ್ಟು, ಸೊಳ್ಳೆಪರದೆಯ ತುಂಡು ಸುತ್ತಿದೆ. ಅದು ಪತಂಗವಾಗಿ ಹೊರಬರುವುದನ್ನು ಕಣ್ಣಾರೆ ನೋಡಬೇಕು, ಅದೊಂದೇ ಆಸೆ. ದಿನಾ ಹೊಸ ಎಲೆ ತರುತ್ತಿದ್ದೆ. ಜೊತೆಯಲ್ಲಿದ್ದ ಮೈಸೂರಿನ ಗೆಳೆಯ ಕಿಚಾಯಿಸುತ್ತಿದ್ದ.

"ಮಗಾ, ಅದಕ್ಕೆ ದಿನಾ ಫ್ರೆಶ್ ಸೊಪ್ಪು, ನಂಗೆ ಮಾತ್ರ ಮೊನ್ನೆ ಸಾರಾ?"

"ನೀನೂ ಪತಂಗ ಆಗ್ತೀನಿ ಅನ್ನು, ತಂದ್ಕೊಡ್ತೀನಿ."

ಸ್ವಲ್ಪ ದಿನಕ್ಕೆ ಹುಳ ತಿನ್ನುವುದನ್ನು ನಿಲ್ಲಿಸಿತು. ಮೈ ಕುಗ್ಗಿ ಕಪ್ಪಾಯಿತು. ಕೋಶವಾಗುವ ಮೊದಲು ಹುಳ ಕುಗ್ಗುತ್ತದೆ ಎಂದು ಓದಿದ್ದೆ; ಕುಣಿದಾಡಿದೆ. ಆಗ ನನ್ನ ಫೋನಿನಲ್ಲಿ ಕ್ಯಾಮೆರಾ ಇರಲಿಲ್ಲ. ಕಾಫಿಗೆ ಬಂದವರನ್ನೆಲ್ಲ ಕಿಟಕಿಯ ಹತ್ತಿರ ಕರೆದು, "ಹುಳ ಎಲ್ಲಿದೆ, ಹೇಳಿ ನೋಡೋಣ" ಎನ್ನುತ್ತಿದ್ದೆ. ಒಬ್ಬರಿಗೂ ಕಾಣುತ್ತಿರಲಿಲ್ಲ.

"ಲೋ, ಸತ್ತಿದೆ ಕಣೋ ಅದು," ಎಂದ ಗೆಳೆಯ.

"ಸತ್ತಿದ್ರೆ ಬೀಳ್ತಿತ್ತು. ಎಷ್ಟು ಗಟ್ಟಿಯಾಗಿ ಹಿಡ್ಕೊಂಡಿದೆ ನೋಡು."

ಒಂದು ಭಾನುವಾರ ನೋಡಿದರೆ ಹುಳದ ಬೆನ್ನಿನಲ್ಲಿ ದುಂಡನೆಯ ತೂತು. ಪರದೆಯೊಳಗೆ ಕೆಂಚು ಬಣ್ಣದ ಪುಟ್ಟ ಕಣಜದ ಹುಳವೊಂದು ಮೀಸೆ ಆಡಿಸುತ್ತಾ ಓಡಾಡುತ್ತಿತ್ತು. ಆಮೇಲೆ ಓದಿ ತಿಳಿಯಿತು: ನನ್ನ ಕೈಗೆ ಸಿಗುವ ಮೊದಲೇ ತಾಯಿ ಕಣಜ ಆ ಹುಳದೊಳಗೆ ಮೊಟ್ಟೆ ಇಟ್ಟಿತ್ತು. ಮರಿ ಒಳಗಿನದೆಲ್ಲ ತಿಂದು, ಚರ್ಮವನ್ನು ರೆಂಬೆಗೆ ಅಂಟಿಸಿ, ಅದರೊಳಗೇ ಬೆಳೆದಿತ್ತು. ಬಂದವರಿಗೆಲ್ಲ ನಾನು ಹೆಮ್ಮೆಯಿಂದ ತೋರಿಸಿದ್ದು ಆ ಚರ್ಮವನ್ನು.

"ಹೊಸಕಿ ಹಾಕ್ಬಿಡ್ತೀನಿ ಇದನ್ನ," ಎಂದೆ.

"ಯಾಕೋ? ಇಷ್ಟು ದಿನ ನೀನು ಸೊಪ್ಪು ಹಾಕಿ ಸಾಕಿದ್ದು ಇದನ್ನೇ ಅಲ್ವಾ?"

ಅವನು ನಗುತ್ತಿರಲಿಲ್ಲ. ನಾನು ಪರದೆ ಬಿಚ್ಚಿ ಕಿಟಕಿ ತೆರೆದೆ.

ಮರುವಾರ ಕೆರೆಯ ದಾರಿಯಲ್ಲಿ ಇನ್ನೊಂದು ಹುಳ ಸಿಕ್ಕಿತು. ಎಲೆಯ ಅಂಚನ್ನು ಬಿಡದೆ ತಿನ್ನುತ್ತಿತ್ತು, ಒಳ್ಳೆಯ ಹಸಿವು. ಯಾರ ಹಸಿವು ಎಂದು ತಿಳಿಯದೆ ತುಂಬಾ ಹೊತ್ತು ನಿಂತಿದ್ದೆ. ಮನೆಗೆ ತರಲಿಲ್ಲ.