ಒಂದನೇ ನಂಬರಿನ ಖಾಲಿ ಸಾಲು

ನಮ್ಮ ಕ್ಷೌರದಂಗಡಿಯ ಹಿಂಬದಿ ಗೋಡೆಯ ಮೇಲೆ ಒಂದು ಕಪ್ಪು ಹಲಗೆ ಇತ್ತು. ಮುರಿದ ಮಂಚದ್ದು. ಅದರ ಮೇಲೆ ಬಿಳೀ ಬಣ್ಣದಲ್ಲಿ ಒಂದರಿಂದ ಹನ್ನೊಂದರವರೆಗೆ ನಂಬರು, ಎರಡರಿಂದ ಕೆಳಕ್ಕೆ ಹತ್ತು ಹೆಸರು. ಒಂದರ ಮುಂದೆ ಏನೂ ಇಲ್ಲ. ಹೊಸ ಗಿರಾಕಿಗಳು ಕುರ್ಚಿಯಲ್ಲಿ ಕೂತು, "ಇವರೆಲ್ಲ ಯಾರು, ಸತ್ತವರಾ?" ಅಂತ ಕೇಳುತ್ತಿದ್ದರು.

ನಮ್ಮ ಯಜಮಾನರು ಕತ್ತಿ ಮಸೆಯುತ್ತಾ, "ಹೌದು. ಆದರೂ ಈಗಿನವರಿಗಿಂತ ಚೆನ್ನಾಗಿ ಓಡ್ತಾರೆ" ಅನ್ನುತ್ತಿದ್ದರು.

ಅದು ನಮ್ಮ ದೇಶ ಹುಟ್ಟಿದಾಗಿನಿಂದ ಫುಟ್‌ಬಾಲ್ ಆಡಿದವರಲ್ಲೆಲ್ಲ ಆರಿಸಿ ತೆಗೆದ ತಂಡ. ಆರಿಸಿದವರು ಮೂವರು: ಡ್ರಿಲ್ ಮೇಷ್ಟ್ರು, ಅಂಗಡಿಗಳಿಗೆ ಬೋರ್ಡು ಬರೆಯುವ ಪೇಂಟರು, ಮತ್ತೆ ನಮ್ಮ ಯಜಮಾನರು. ಮೂವರಲ್ಲಿ ಯಾರೂ ದೇಶಕ್ಕಾಗಿ ಆಡಿದವರಲ್ಲ. ಮೇಷ್ಟ್ರು ಸೀಟಿ ಊದಿದ್ದರು, ಪೇಂಟರು ಮೈದಾನದ ಸುತ್ತ ಜಾಹೀರಾತು ಬರೆದಿದ್ದರು, ನಮ್ಮವರು ಒಂದು ಸಲ ಕ್ಯಾಪ್ಟನ್ನನ ಗಡ್ಡ ಹೆರೆದಿದ್ದರು. ದೇಶಕ್ಕಾಗಿ ನಿಜವಾಗಿ ಆಡಿದವರು ಆ ಅಂಗಡಿಗೆ ಬರುತ್ತಿದ್ದದ್ದು ಒಬ್ಬರೇ. ಅವರಿಗೆ ಆರಿಸುವ ಹಕ್ಕು ಕೊಟ್ಟಿರಲಿಲ್ಲ. "ಆಡಿದೋನಿಗೆ ಆಟ ಎಲ್ಲಿ ಕಾಣುತ್ತೆ?" ಅಂತ ಮೇಷ್ಟ್ರ ವಾದ.

ಅವರೇ ಉದ್ದಣ್ಣ. ಬಾಗಿಲಲ್ಲಿ ತಲೆ ತಗ್ಗಿಸಿ ಒಳಗೆ ಬರಬೇಕಾದಷ್ಟು ಎತ್ತರ, ಅದಕ್ಕೆ ಆ ಹೆಸರು. ಗೋಲ್‌ಕೀಪರ್ ಆಗಿದ್ದವರು. ದೇಶದ ತಂಡದಲ್ಲಿ ಎಂಟು ವರ್ಷ ಇದ್ದರು, ಆಡಿದ್ದು ಏಳು ಪಂದ್ಯ. ಉಳಿದದ್ದೆಲ್ಲ ಬೆಂಚಿನ ಮೇಲೆ. ಯಾಕೆಂದರೆ ಅವರ ಕಾಲಕ್ಕೇ ಇನ್ನೊಬ್ಬ ಗೋಲ್‌ಕೀಪರ್ ಇದ್ದ, ಎಲ್ಲರೂ ಅವನನ್ನು ಬೆಕ್ಕು ಅನ್ನುತ್ತಿದ್ದರು. ಬೆಕ್ಕು ಒಂದು ಸಲ ಬೆರಳು ಮುರಿದುಕೊಂಡ. ಆ ಬೆರಳು ಕೂಡುವಷ್ಟರಲ್ಲಿ ಉದ್ದಣ್ಣನಿಗೆ ಸಿಕ್ಕಿದ್ದು ಆ ಏಳು ಪಂದ್ಯ. ಒಂಬತ್ತು ಗೋಲು ಬಿತ್ತು. "ಆ ಡಾಕ್ಟರು ಕೈತುಂಬ ಪ್ಲಾಸ್ಟರ್ ಹಾಕಿದ್ದಿದ್ರೆ ಹತ್ತು ಪಂದ್ಯ ಆಗ್ತಿತ್ತು" ಅಂತ ಉದ್ದಣ್ಣನೇ ನಗುತ್ತಿದ್ದರು.

ಆಟ ಮುಗಿದ ಮೇಲೆ ಅವರಿಗೆ ಬಸ್ ಡಿಪೋದಲ್ಲಿ ಸ್ಟೋರ್‌ಕೀಪರ್ ಕೆಲಸ ಸಿಕ್ಕಿತು. ಸಹಿ ಮಾಡಿದ ಚೀಟಿ ಇಲ್ಲದೆ ಅವರ ಕಿಟಕಿಯಿಂದ ಒಂದು ನಟ್ಟು ಆಚೆ ಹೋದದ್ದಿಲ್ಲ. ಒಂದು ದಿನ ಡಿಪೋ ಮ್ಯಾನೇಜರೇ ಬಂದು ಕಿಟಕಿಗೆ ನಿಂತರಂತೆ.

"ಒಂದು ಬೋಲ್ಟು ಕೊಡಯ್ಯ."

"ಚೀಟಿ ತನ್ನಿ ಸಾರ್."

"ಚೀಟಿಗೆ ಸಹಿ ಹಾಕೋನೇ ನಾನಲ್ಲವೇನಯ್ಯ?"

"ಹೌದು ಸಾರ್. ಹಾಕ್ಕೊಂಡು ತನ್ನಿ."

ಈ ಕತೆ ಕೇಳಿದಾಗಲೆಲ್ಲ ಪೇಂಟರು, "ಮೈದಾನದಲ್ಲಿ ಬಿಟ್ಟಿದ್ದನ್ನೆಲ್ಲ ಅಲ್ಲಿ ಹಿಡೀತಾ ಇದ್ದಾನೆ" ಅನ್ನುತ್ತಿದ್ದರು.

ಉದ್ದಣ್ಣ ದಿನ ಬಿಟ್ಟು ದಿನ ಗಡ್ಡಕ್ಕೆ ಬರುತ್ತಿದ್ದರು. ಕುರ್ಚಿಯಲ್ಲಿ ಕೂತರೆ ಎದುರು ಕನ್ನಡಿ, ಕನ್ನಡಿಯಲ್ಲಿ ಹಿಂದಿನ ಹಲಗೆ. ಹತ್ತು ಹೆಸರೂ ಅದರಲ್ಲಿ ತಿರುಗುಮುರುಗು. ಖಾಲಿ ಸಾಲು ಮಾತ್ರ ಕನ್ನಡಿಯಲ್ಲೂ ನೆಟ್ಟಗೇ ಕಾಣುತ್ತಿತ್ತು. ಆ ಸಾಲಿನಲ್ಲಿ ತಮ್ಮ ಹೆಸರು ಬರಬೇಕು ಅಂತ ಅವರಿಗಿದ್ದ ಆಸೆ ನಮ್ಮ ಬೀದಿಗೆಲ್ಲ ಗೊತ್ತಿತ್ತು. ಬಾಯಿಬಿಟ್ಟು ಕೇಳಿದವರಲ್ಲ. ಮುಖಕ್ಕೆ ನೊರೆ ಹಚ್ಚಿದಾಗ ಬೇರೆಯವರು ಕಣ್ಣು ಮುಚ್ಚುತ್ತಾರೆ, ಇವರು ಮುಚ್ಚುತ್ತಿರಲಿಲ್ಲ.

ಅಡ್ಡಿ ಇದ್ದದ್ದು ಮೇಷ್ಟ್ರ ನಿಯಮದಿಂದ. ಮೊದಮೊದಲು ಹಲಗೆಯಲ್ಲಿ ಬದುಕಿದ್ದವರೂ ಇದ್ದರು. ಒಂಬತ್ತನೇ ನಂಬರಿನ ಮುಂದೆ ಗಾಳಿ ಅಂತ ಒಬ್ಬ. ಅವನ ಕಾಲಿಗೆ ಚೆಂಡು ಸಿಕ್ಕರೆ ಗೋಲೇ ಅಂತ ನಮ್ಮವರು ಹೇಳುತ್ತಿದ್ದರು. ಆ ಗಾಳಿ ವಯಸ್ಸಾದ ಮೇಲೆ ಹಳಬರ ಪಂದ್ಯ ಅಂತ ಮತ್ತೆ ಚಡ್ಡಿ ಹಾಕಿಕೊಂಡು ಇಳಿದ. ಪೆನಾಲ್ಟಿ ಸಿಕ್ಕಿತು. ಎದುರಿಗಿದ್ದ ಗೋಲ್‌ಕೀಪರ್ ಮೊದಲೇ ಜಾರಿ ಬಿದ್ದಿದ್ದ, ಆದರೂ ಚೆಂಡು ಹೋಗಿ ಐಸ್‌ಕ್ರೀಮ್ ಗಾಡಿಗೆ ಬಡಿಯಿತು. ಮೇಷ್ಟ್ರು ಮೈದಾನದಿಂದ ನೆಟ್ಟಗೆ ಅಂಗಡಿಗೆ ಬಂದರು. "ಸೀಮೆಎಣ್ಣೆ ತಗೊಂಡು ಬಾರಮ್ಮ" ಅಂದರು ನನಗೆ. ಗಾಳಿಯ ಹೆಸರನ್ನು ತಾವೇ ಬಟ್ಟೆಯಲ್ಲಿ ಒರೆಸಿದರು. "ಇನ್ನು ಉಸಿರಾಡೋನಿಗೆ ಈ ಹಲಗೇಲಿ ಜಾಗ ಇಲ್ಲ. ಬದುಕಿರೋನು ಯಾವಾಗ ಏನು ಮಾಡ್ತಾನೋ ಹೇಳೋಕಾಗಲ್ಲ."

ಹಾಗೆ ಗಾಳಿಯ ಜೊತೆ ಇನ್ನಿಬ್ಬರೂ ಹೋದರು. ಆಮೇಲೆ ಒಬ್ಬೊಬ್ಬರಾಗಿ ಸತ್ತು ಮೂವರೂ ವಾಪಸ್ಸು ಬಂದರು. ಮೊದಲಿಂದಲೂ ತೀರ್ಮಾನವಾಗದೆ ಉಳಿದದ್ದು ಒಂದನೇ ನಂಬರು, ಗೋಲ್‌ಕೀಪರ್ ಜಾಗ ಒಂದೇ. ಉದ್ದಣ್ಣ ಕಣ್ಣೆದುರಿಗೇ ಬದುಕಿದ್ದರು. ಬೆಕ್ಕು ಆಟ ಬಿಟ್ಟವನೇ ಪರದೇಶಕ್ಕೆ ಹೋಗಿದ್ದ, ಇದ್ದಾನೋ ಇಲ್ಲವೋ ಯಾರಿಗೂ ತಿಳಿಯದು. ಮೂವರೂ ತಿಂಗಳುಗಟ್ಟಲೆ ಜಗಳ ಆಡಿ ಕೊನೆಗೆ ಒಂದು ತೀರ್ಮಾನಕ್ಕೆ ಬಂದರು: ಇಬ್ಬರಲ್ಲಿ ಯಾರ ಸಾವಿನ ಸುದ್ದಿ ಮೊದಲು ಬರುತ್ತೋ ಜಾಗ ಅವರಿಗೆ.

"ಬಾಯಿಮಾತು ಬೇಡ, ಬರೆದುಕೊಡಿ" ಅಂದರು ಉದ್ದಣ್ಣ. ಮೇಷ್ಟ್ರು ನೋಟ್‌ಬುಕ್ಕಿನ ಹಾಳೆ ಹರಿದು ಬರೆದರು. ಮೂವರೂ ಸಹಿ ಹಾಕಿದರು. ಉದ್ದಣ್ಣ ಅದನ್ನು ನಾಲ್ಕು ಮಡಿಕೆ ಮಾಡಿ ಜೇಬಿಗೆ ಇಟ್ಟುಕೊಂಡರು.

"ನೀನೇನೂ ಅವಸರ ಮಾಡ್ಕೋಬೇಡ" ಅಂದರು ಪೇಂಟರು. "ನನ್ನ ಬ್ರಷ್ ಎಲ್ಲೂ ಓಡಿಹೋಗಲ್ಲ."

ಅಂಗಡಿಯಲ್ಲಿ ನನಗೂ ಒಂದು ಕೆಲಸ ಇತ್ತು. ಕತ್ತಿಯ ನೊರೆ ಒರೆಸೋದಕ್ಕೆ ಹಳೇ ಪೇಪರನ್ನು ಅಂಗೈ ಅಗಲ ಕತ್ತರಿಸಿ, ದಾರ ಪೋಣಿಸಿ ಮೊಳೆಗೆ ನೇತುಹಾಕೋದು. ಮಧ್ಯಾಹ್ನ ಅಂಗಡಿ ಮುಚ್ಚಿ ಊಟಕ್ಕೆ ಬಂದಾಗ ಮನೆ ಬಾಗಿಲಲ್ಲಿ ಕೂತು ಕತ್ತರಿಸುತ್ತಿದ್ದೆ. ಮೂರನೇ ಕ್ಲಾಸಿಗೆ ಸ್ಕೂಲು ಬಿಟ್ಟವಳು, ಓದೋದು ಕಲಿತದ್ದು ಈ ಕೆಲಸದಲ್ಲೇ. ಯಾವ ಸುದ್ದಿಯನ್ನೂ ಪೂರ್ತಿ ಓದಿದವಳಲ್ಲ. ಕಳ್ಳ ಸಿಕ್ಕಿದ್ದು ಒಂದು ಚೂರಿನಲ್ಲಿ, ಕದ್ದದ್ದೇನು ಅನ್ನೋದು ಇನ್ನೊಂದರಲ್ಲಿ, ಅದು ಆಗಲೇ ಯಾರದೋ ಗಡ್ಡಕ್ಕೆ ಹೋಗಿರುತ್ತಿತ್ತು.

ಒಂದು ಮಧ್ಯಾಹ್ನ ಕತ್ತರಿ ಇಡುವಾಗ ಟೈರ್ ಜಾಹೀರಾತಿನ ಕೆಳಗೆ ನಾಲ್ಕು ಸಾಲು ಕಂಡಿತು. ಹಿಂದೊಮ್ಮೆ ದೇಶದ ಗೋಲ್‌ಕೀಪರ್ ಆಗಿದ್ದ, ಬೆಕ್ಕು ಎಂದೇ ಹೆಸರಾಗಿದ್ದವರು ಪರದೇಶದಲ್ಲಿ ತೀರಿಕೊಂಡರು ಅಂತ. ಪಕ್ಕದಲ್ಲಿ ಬೆರಳಿನ ಉಗುರಿನಷ್ಟು ಫೋಟೋ. ಪೇಪರು ಒಂದು ವಾರದ ಹಿಂದಿನದು. ಸುತ್ತ ನೆಟ್ಟಗೆ ಕತ್ತರಿಸಿ ತೆಗೆದು ಯಜಮಾನರ ಕೈಗೆ ಕೊಟ್ಟೆ.

ಅವರು ಎರಡು ಸಲ ಓದಿದರು. "ಮೇಷ್ಟ್ರು ನೋಡಿಲ್ಲ. ನೋಡಿದ್ರೆ ಇಷ್ಟೊತ್ತಿಗೆ ಬ್ರಷ್ ಹಿಡ್ಕೊಂಡು ನಿಂತಿರ್ತಿದ್ರು."

"ಹೇಳ್ತೀರಾ?"

"ನಾಳೆ ಬೆಳಿಗ್ಗೆ ಉದ್ದಣ್ಣನ ಕುತ್ತಿಗೆ ನನ್ನ ಕತ್ತಿ ಕೆಳಗಿರುತ್ತೆ. ಇದನ್ನ ಹೇಳಿ ಕೈ ನಡುಗಿಸ್ಕೊಳ್ಳಲಾ?"

ಕಾಗದವನ್ನು ಅಂಗಡಿಗೆ ಒಯ್ದು ಪಟಿಕದ ಡಬ್ಬಿಯ ಕೆಳಗೆ, ಡ್ರಾಯರಿನಲ್ಲಿ ಇಟ್ಟರು. ನಾಳೆ ಹೇಳಿದರಾಯಿತು ಅಂತ ಇಟ್ಟದ್ದು.

ಮಾರನೇ ದಿನ ಉದ್ದಣ್ಣ ಬಂದರು. ಗಡ್ಡ ಮಾಡಿಸಿಕೊಂಡು ಏಳುವಾಗ, "ತಂಗೀ, ಹೋದ ವಾರದ ಪೇಪರ್ ಇದೆಯಾ?" ಅಂತ ಕೇಳಿದರು.

"ಎಲ್ಲಾ ಕತ್ತರಿಸಿಬಿಟ್ಟೆನಲ್ಲಣ್ಣ. ಏನಾದ್ರೂ ಬೇಕಿತ್ತಾ?"

"ಏನಿಲ್ಲ. ಕತ್ತರಿಸಿದ್ರೆ ಸರಿ" ಅಂದು ಹೋದರು. ಡಿಪೋ ಪೆನ್ಷನ್ನಿನ ವಿಷಯ ಏನೋ ಬಂದಿರಬೇಕು ಅಂದುಕೊಂಡೆ.

ಅದಾದ ಮೂರನೇ ವರ್ಷ ಉದ್ದಣ್ಣನಿಗೆ ಎದೆನೋವು ಬಂತು. ಆಸ್ಪತ್ರೆಗೆ ನಾವೆಲ್ಲ ಹೋದೆವು. ಕಬ್ಬಿಣದ ಮಂಚದಿಂದ ಅವರ ಪಾದ ಒಂದು ಗೇಣು ಆಚೆ ಬಂದಿತ್ತು. ಪೇಂಟರು ಹಣ್ಣಿನ ಚೀಲ ಇಟ್ಟರು. ಮೇಷ್ಟ್ರು ನರ್ಸಮ್ಮನನ್ನು ಪಕ್ಕಕ್ಕೆ ಕರೆದು ಏನೋ ಕೇಳಿ ಬಂದರು.

"ಬ್ರಷ್ ತಂದಿದ್ದೀರಾ?" ಅಂದರು ಉದ್ದಣ್ಣ, ಮೆಲ್ಲಗೆ.

"ಅಂಗಡೀಲೇ ನೆನೆಹಾಕಿ ಬಂದಿದ್ದೀನಿ" ಅಂದರು ಪೇಂಟರು.

ಬರುವಾಗ ಮೆಟ್ಟಿಲ ಮೇಲೆ ನಮ್ಮ ಯಜಮಾನರು ನನ್ನ ಕಿವಿಯಲ್ಲಿ, "ಹೋಗೋದೇ ಆದ್ರೆ ಈಗ ಹೋದ್ರೆ ಒಳ್ಳೇದು ಕಣೆ. ಜಾಗ ಇನ್ನೂ ಖಾಲಿ ಇದೆ" ಅಂದರು. ಸ್ನೇಹಿತನ ಮೇಲೆ ಅಷ್ಟು ಪ್ರೀತಿ ಅವರಿಗೆ. ಉದ್ದಣ್ಣ ಹದಿನೈದು ದಿನಕ್ಕೆ ಎದ್ದು ಬಂದು ಕುರ್ಚಿಯಲ್ಲಿ ಕೂತರು. ಮೇಷ್ಟ್ರು ಅವರ ಮುಖ ನೋಡಿ, "ಇವನನ್ನ ನಂಬೋಕೇ ಆಗಲ್ಲ" ಅಂದರು.

ಆಮೇಲೆ ಹೋದವರು ಮೇಷ್ಟ್ರು, ರೇಡಿಯೋ ಪಕ್ಕದಲ್ಲಿ, ಪಂದ್ಯ ಮುಗಿಯೋಕೆ ಎರಡು ನಿಮಿಷ ಇದ್ದಾಗ. ಮತ್ತೆರಡು ವರ್ಷಕ್ಕೆ ನಮ್ಮವರು. ಕೊನೇ ಗಿರಾಕಿಯನ್ನು ಕಳಿಸಿ, ಕತ್ತಿ ಒರೆಸಿ ಮಡಚಿಟ್ಟು, ಕುರ್ಚಿಯಲ್ಲಿ ಕೂತವರು ಏಳಲಿಲ್ಲ. ಆ ಕುರ್ಚಿಯಲ್ಲಿ ಅವರು ಕೂತದ್ದನ್ನು ನಾನು ನೋಡಿದ್ದು ಅದೇ ಮೊದಲು. ಡ್ರಾಯರಿನ ಕಾಗದ ಡ್ರಾಯರಿನಲ್ಲೇ ಉಳಿಯಿತು.

ಈಗ ಅಂಗಡಿ ನಮ್ಮ ಅಳಿಯನದು. ಕೈ ಚುರುಕು, ಮಾತು ಕಡಿಮೆ. ನನ್ನ ಪೇಪರ್ ಚೂರುಗಳ ಬದಲು ಟಿಶ್ಯೂ ತಂದ. ತಿರುಗುವ ಕುರ್ಚಿ ತಂದ. ಒಂದು ದಿನ, "ಅತ್ತೆ, ಆ ಗೋಡೆಗೆ ಟಿವಿ ಹಾಕಿಸ್ತೀನಿ. ಭಾನುವಾರ ಹಲಗೆ ತೆಗೀತೀನಿ, ಬೇಜಾರಿಲ್ಲ ತಾನೇ?" ಅಂದ. ಅಂಗಡಿ ಅವನದು, ಬೇಜಾರು ನನ್ನದು. ತೆಗಿಯಪ್ಪ ಅಂದೆ. ಪೇಂಟರಿಗೂ ಉದ್ದಣ್ಣನಿಗೂ ಹೇಳಿಕಳಿಸಿದೆ.

ಭಾನುವಾರ ಬೆಳಿಗ್ಗೆ ಇಬ್ಬರೂ ಬಂದರು. ಪೇಂಟರ ಕೈಯಲ್ಲಿ ಬಿಳೀ ಬಣ್ಣದ ಡಬ್ಬಿ, ಸಣ್ಣ ಬ್ರಷ್. ಉದ್ದಣ್ಣನಿಗೆ ಆಗ ಎಂಬತ್ತು ದಾಟಿತ್ತು. ಬಾಗಿಲಲ್ಲಿ ತಲೆ ತಗ್ಗಿಸೋ ಅಗತ್ಯ ಇರಲಿಲ್ಲ, ಬೆನ್ನೇ ಬಗ್ಗಿತ್ತು. ಆದರೂ ಅಭ್ಯಾಸಕ್ಕೆ ತಗ್ಗಿಸಿದರು.

"ಕೂತ್ಕೊಳಯ್ಯ" ಅಂದರು ಪೇಂಟರು. "ಆರಿಸೋರಲ್ಲಿ ಉಳಿದಿರೋನು ನಾನೊಬ್ಬ. ನಿಯಮ ಗಿಯಮ ಸಾಕು. ಇವತ್ತು ನಿನ್ನ ಹೆಸರು ಬರೆದೇ ಹಲಗೆ ಇಳಿಸೋದು. ಏನಂತೀರಿ ಅತ್ತಿಗೆ?"

ನಾನು ಡ್ರಾಯರಿಗೆ ಬೆನ್ನು ಕೊಟ್ಟು ನಿಂತಿದ್ದೆ. ಅದರೊಳಗಿನ ನಾಲ್ಕು ಸಾಲು ಆಚೆ ಬಂದರೆ ಜಾಗ ಬೆಕ್ಕಿನದು. ಬರದಿದ್ದರೆ ಉದ್ದಣ್ಣನದು. "ಬರೀರಿ" ಅಂದೆ.

ಪೇಂಟರು ಬ್ರಷ್ ಅದ್ದಿದರು. ಉದ್ದಣ್ಣ ಕುರ್ಚಿಯಲ್ಲಿ ಕೂತು ಕನ್ನಡಿಯಲ್ಲೇ ನೋಡುತ್ತಿದ್ದರು. ಬ್ರಷ್ ಹಲಗೆಗೆ ತಾಗೋಕೆ ಮುಂಚೆ, "ಚೀಟಿ ಎಲ್ಲಿ?" ಅಂದರು.

"ಯಾವ ಚೀಟಿ?"

"ನಿಯಮ ಬದಲಾಯಿಸಿದ್ದಕ್ಕೆ. ಮೂರು ಸಹಿ ಬೇಕಲ್ಲ."

"ಇಬ್ಬರು ಸತ್ತಿದ್ದಾರೆ ಕಣಯ್ಯ, ಎಲ್ಲಿ ಹೋಗಿ ಸಹಿ ಹಾಕಿಸ್ಕೊಂಡು ಬರಲಿ?"

"ಹಾಗಾದ್ರೆ ಹಳೇ ಚೀಟಿನೇ ನಡೀಬೇಕು." ಜೇಬಿನಿಂದ ಆ ನಾಲ್ಕು ಮಡಿಕೆಯ ಹಾಳೆ ತೆಗೆದರು. ಅದರೊಳಗೆ ಇನ್ನೊಂದು ಚೂರು ಇತ್ತು. ಟೈರ್ ಜಾಹೀರಾತಿನ ಅರ್ಧ ಅಂಚು ಕಂಡಾಗಲೇ ನನಗೆ ತಿಳಿಯಿತು.

ಪೇಂಟರು ಕನ್ನಡಕ ಏರಿಸಿ ಓದಿದರು. "ಇದು ಒಂಬತ್ತು ವರ್ಷದ ಹಿಂದಿನದು."

"ಹೌದು. ರಿಟೈರಾದ ಮೇಲೂ ಪೇಪರ್ ಓದೋಕೆ ಡಿಪೋಗೆ ಹೋಗ್ತಿದ್ದೆನಲ್ಲ, ಅಲ್ಲಿಂದ ಹರಿದಿಟ್ಟೆ. ಬೇರೆ ಎಲ್ಲೆಲ್ಲಿ ಪೇಪರ್ ತರಿಸ್ತಾರೋ ಅಲ್ಲೆಲ್ಲ ಹೋಗಿ ಆ ಹಾಳೆ ಎತ್ಕೊಂಡು ಬಂದೆ. ಇಲ್ಲಿಗೂ ಬಂದಿದ್ದೆ, ಕತ್ತರಿಸಿಬಿಟ್ಟೆ ಅಂತ ತಂಗಿ ಹೇಳಿದಳು."

"ಒಂಬತ್ತು ವರ್ಷ ಮುಚ್ಚಿಟ್ಟೆಯಾ?"

"ನಾನು ಮೊದಲು ಹೋಗ್ತೀನಿ ಅಂದ್ಕೊಂಡಿದ್ದೆ. ಆಗಲಿಲ್ಲ."

ಇನ್ನು ಮುಚ್ಚಿಡೋದರಲ್ಲಿ ಅರ್ಥ ಇರಲಿಲ್ಲ. ನಾನು ಡ್ರಾಯರ್ ಎಳೆದು, ಪಟಿಕದ ಡಬ್ಬಿ ಎತ್ತಿ, ನನ್ನ ಚೂರನ್ನು ಅವರ ಚೂರಿನ ಪಕ್ಕದಲ್ಲಿ ಇಟ್ಟೆ. ಉದ್ದಣ್ಣ ಎರಡನ್ನೂ ನೋಡಿದರು. ಬೈಯುತ್ತಾರೇನೋ ಅಂದುಕೊಂಡೆ.

"ನಿಂದು ಅಂಚು ನೆಟ್ಟಗಿದೆ" ಅಂದರು. "ನಿನ್ನ ಗಂಡನಿಗೂ ಗೊತ್ತಿತ್ತಾ?"

"ಕೈ ನಡುಗುತ್ತೆ ಅಂತ ಹೇಳಲಿಲ್ಲ."

"ಅದಕ್ಕೇ ಆಮೇಲೆ ಒಂದು ಸಲಾನೂ ಕನ್ನಡೀಲಿ ನನ್ನ ಕಣ್ಣು ನೋಡ್ತಿರಲಿಲ್ಲ."

ಪೇಂಟರಿಗೆ ತಡೆಯಲಾಗಲಿಲ್ಲ. "ನೀವಿಬ್ಬರೂ ಮುಚ್ಚಿಟ್ಟಿದ್ದು ಸಾಲದು ಅಂತ ಈಗ ತೆಗೆದು ಯಾಕಯ್ಯ ತೋರಿಸ್ತಿದ್ದೀಯ? ಸುಮ್ಮನೆ ಕೂತಿದ್ರೆ ನಿನ್ನ ಹೆಸರು ಬರ್ತಿತ್ತಲ್ಲ."

"ಮ್ಯಾನೇಜರಿಗೆ ಚೀಟಿ ಇಲ್ಲದೆ ಬೋಲ್ಟು ಕೊಡದೋನು, ನನಗೆ ನಾನೇ ಇದನ್ನ ಕೊಟ್ಕೊಳ್ಳಲಾ?" ಹಾಳೆಯನ್ನು ಮಡಿಸುತ್ತಾ, "ಅವನ ಆಟಾನ ನನ್ನಷ್ಟು ಹತ್ತಿರದಿಂದ ಯಾರೂ ನೋಡಿಲ್ಲ. ಎಂಟು ವರ್ಷ ನೋಡೋದೇ ನನ್ನ ಕೆಲಸ. ಬರಿ, ಬೆಕ್ಕು ಅಂತ."

ಪೇಂಟರು ಬರೆದರು. ಅಕ್ಷರ ಸ್ವಲ್ಪ ಸೊಟ್ಟಗಾಯಿತು. ಉದ್ದಣ್ಣ ಕುರ್ಚಿಯಿಂದ ಎದ್ದು, ಕನ್ನಡಿ ಬಿಟ್ಟು ಹಲಗೆಯ ಎದುರಿಗೇ ನಿಂತು ಓದಿದರು.

ನನಗೆ ಯಾಕೋ ಸುಮ್ಮನಿರಲಾಗಲಿಲ್ಲ. ಮೂವತ್ತು ವರ್ಷ ಆ ಅಂಗಡಿಗೆ ಪೇಪರ್ ಕತ್ತರಿಸಿದ್ದೇನೆ, ಒಂದು ಹೆಸರನ್ನೂ ಯಾರೂ ನನ್ನನ್ನು ಕೇಳಿರಲಿಲ್ಲ. "ಅಣ್ಣ, ಆ ಚೀಟೀಲಿ ಬೆಂಚಿನ ವಿಷಯ ಏನಾದ್ರೂ ಬರೆದಿದೆಯಾ?" ಅಂದೆ.

ಉದ್ದಣ್ಣ ಹಾಳೆಯನ್ನು ಈ ಕಡೆ ಓದಿದರು, ತಿರುಗಿಸಿ ಆ ಕಡೆಯೂ ನೋಡಿದರು. "ಇಲ್ಲ."

"ಹಾಗಾದ್ರೆ ಅದಕ್ಕೆ ಸಹಿ ಬೇಡ. ಹನ್ನೆರಡನೇ ಸಾಲು ನಾನು ಆರಿಸ್ತೀನಿ. ಬೆಂಚಿನ ಮೇಲೆ ನಿಮ್ಮಷ್ಟು ಚೆನ್ನಾಗಿ ಕೂತೋರು ಈ ದೇಶದಲ್ಲಿ ಯಾರಿದ್ದಾರೆ?"

ಪೇಂಟರು ನಗುತ್ತಾ ಮತ್ತೆ ಬ್ರಷ್ ಅದ್ದಿದರು. ಉದ್ದಣ್ಣ ಅವರ ಕೈ ಹಿಡಿದರು. "ಬಣ್ಣ ಬೇಡ. ಸೀಮೆಸುಣ್ಣ ಸಾಕು. ನಾನಿನ್ನೂ ಬದುಕಿದ್ದೀನಲ್ಲ, ಯಾವಾಗ ಏನು ಮಾಡ್ತೀನೋ."

ಮೊಮ್ಮಗಳ ಸ್ಲೇಟಿನ ಪಕ್ಕ ಇದ್ದ ಸೀಮೆಸುಣ್ಣ ತಂದು ನಾನೇ ಬರೆದೆ.

ಹಲಗೆ ಈಗ ನಮ್ಮ ನಡುಮನೆಯಲ್ಲಿದೆ. ಧೂಳು ಒರೆಸುವಾಗ ಮೇಲಿನ ಹನ್ನೊಂದನ್ನು ಒರೆಸಿ ಕೆಳಗಿನದನ್ನು ಬಿಡುತ್ತೇನೆ. ಆದರೂ ವಾರಕ್ಕೆ ಮಾಸುತ್ತದೆ. ಉದ್ದಣ್ಣ ಗಡ್ಡ ಮಾಡಿಸಿಕೊಂಡು, ಟಿವಿಯಲ್ಲಿ ಈಗಿನವರು ಆಡುವುದನ್ನು ಬೈದು, ಇತ್ತ ಬಂದು ನೋಡುತ್ತಾರೆ. ಮಾಸಿದ್ದು ಕಂಡರೆ ತಾವು ಮುಟ್ಟುವುದಿಲ್ಲ. ಕಿಟಕಿಯಲ್ಲಿರುವ ಸೀಮೆಸುಣ್ಣ ತೆಗೆದು ನನ್ನ ಕೈಗೆ ಕೊಟ್ಟು, ನಾನು ತಿದ್ದಿ ಮುಗಿಸುವ ತನಕ ಬೇರೆ ಕಡೆ ನೋಡುತ್ತಾ ನಿಂತಿರುತ್ತಾರೆ.